ಅಚ್ಚು ಕೊಳ್ಳಬೇಡ್ರಿ, ಕೊರೀರಿ

ಭಾಗ 1/10 | ನನ್ನ ತಕರಾರು

ಬಟ್ಟೆ ಮೇಲೆ ಸ್ಟೆನ್ಸಿಲ್ ಹಾಕೋ ಹುಮ್ಮಸ್ಸು ಈಗ ನಮ್ಮ ಚಿಗಟೇರಿ ಕಡೆಗೂ ಬಂದಿದೆ. ದಿಂಬಿನ ಕವರು, ಮಕ್ಕಳ ಅಂಗಿ, ಕಾಟನ್ ಕೈಚೀಲ, ಬ್ಲೌಸಿನ ತೋಳು, ಮಂಡಿ ಹರಿದ ಹಳೇ ಜೀನ್ಸು, ಯಾವುದನ್ನೂ ಬಿಟ್ಟಿಲ್ಲ. ಒಂದು ತುಂಡು ಸ್ಪಂಜು, ಒಂದು ಬಾಟ್ಲಿ ಫ್ಯಾಬ್ರಿಕ್ ಬಣ್ಣ, ಒಂದು ಪ್ಲಾಸ್ಟಿಕ್ ಅಚ್ಚು ಇದ್ದರೆ ಸಾಕು, ಅರ್ಧ ಗಂಟೆಯಲ್ಲಿ ಕೆಲಸ ಮುಗೀತೈತಿ. ಮಧ್ಯಾಹ್ನದ ಹೊತ್ತು ಟೀವಿ ಮುಂದೆ ಕೂರೋದಕ್ಕಿಂತ ಸಾವಿರ ಪಾಲು ಮೇಲು. ಅದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಇರೋದು ಆ ಪ್ಲಾಸ್ಟಿಕ್ ಅಚ್ಚಿನ ಬಗ್ಗೆ.

ಆನ್‌ಲೈನಲ್ಲಿ ತರಿಸಿದ್ದಾಗಲಿ, ಫ್ಯಾನ್ಸಿ ಸ್ಟೋರಿನಲ್ಲಿ ಕೊಂಡಿದ್ದಾಗಲಿ, ಪ್ಯಾಕೆಟ್ ಬಿಚ್ಚಿ ನೋಡ್ರಿ. ಹೆಚ್ಚಿನವುಗಳಲ್ಲಿ ಇರೋದು ಅದೇ ಚಿಟ್ಟೆ, ಅದೇ ಗುಲಾಬಿ, ಅದೇ ಹೃದಯ, ಈಫೆಲ್ ಗೋಪುರ, ಇಂಗ್ಲಿಷಿನ ಎ ಯಿಂದ ಝಡ್. ನಮ್ಮೂರ ದಿಂಬಿನ ಮೇಲೂ ಅದೇ ಚಿಟ್ಟೆ, ನೂರಾರು ಮೈಲಿ ಆಚೆಯ ದಿಂಬಿನ ಮೇಲೂ ಅದೇ ಚಿಟ್ಟೆ. ಬಣ್ಣ ತಟ್ಟಿದ್ದು ನಮ್ಮ ಕೈ, ಸರಿ. ಆದರೆ ಏನು ಮೂಡಬೇಕು ಅಂತ ತೀರ್ಮಾನ ಮಾಡಿದ್ದು ಯಾರೋ.

ಅದಕ್ಕೇ ಈ ಸರಣಿಯಲ್ಲಿ ನಾನು ಹೇಳೋದು ಒಂದೇ ಮಾತು: ಅಚ್ಚನ್ನು ಕೊಳ್ಳಬೇಡಿ, ನೀವೇ ಕೊರೆಯಿರಿ. ಯಾಕೆ, ಹೇಗೆ, ಏನನ್ನು ಕೊರೀಬೇಕು, ಏನನ್ನು ಕೊರೀಬಾರದು, ಎಲ್ಲಿ ನನ್ನ ಈ ಮಾತು ನಡೆಯೋದಿಲ್ಲ, ಎಲ್ಲವನ್ನೂ ಹತ್ತು ಪೋಸ್ಟಿನಲ್ಲಿ ಬರೀತೀನಿ. ಒಪ್ಪದಿದ್ದರೆ ಕೆಳಗೆ ಜಗಳಕ್ಕೆ ಬರ್ರಿ, ಆದರೆ ಪೂರ್ತಿ ಓದಿ ಬರ್ರಿ.

ಭಾಗ 2/10 | ರಂಗೋಲಿಗೆ ಏನಾಯ್ತು ನೋಡ್ರಿ

ಸಿದ್ಧ ಅಚ್ಚು ಬಂದರೆ ಏನಾಗ್ತದೆ ಅಂತ ಊಹೆ ಮಾಡೋದು ಬೇಕಿಲ್ಲ. ನಮ್ಮ ಹೊಸ್ತಿಲ ಮುಂದೆಯೇ ಆಗಿ ಹೋಗಿದೆ.

ಚುಕ್ಕಿ ರಂಗೋಲಿ ಹಾಕೋ ಹೆಂಗಸಿನ ತಲೆಯಲ್ಲಿ ಒಂದು ಲೆಕ್ಕ ಇರ್ತದೆ. ಹದಿನೈದರಿಂದ ಒಂದಕ್ಕೆ ಇಳಿಯೋ ಚುಕ್ಕಿ, ನೇರ ಚುಕ್ಕಿ, ಎಡೆ ಚುಕ್ಕಿ. ಎಳೆ ಎಲ್ಲಿ ಹೊರಟು ಎಲ್ಲಿ ಸುತ್ತಿ ಎಲ್ಲಿಗೆ ಬಂದು ಸೇರಬೇಕು ಅನ್ನೋದು ಕೈಗೇ ಗೊತ್ತಿರ್ತದೆ. ಆಮೇಲೆ ತೂತು ತೂತಿನ ರಂಗೋಲಿ ತಟ್ಟೆ ಬಂತು. ಪುಡಿ ಹಾಕಿ ಸವರಿದರೆ ನವಿಲು ರೆಡಿ. ಅದರ ಹಿಂದೆ ಉರುಳಿಸೋ ಕೊಳವೆ ಬಂತು. ಕೊನೆಗೆ ಸ್ಟಿಕ್ಕರೇ ಬಂತು, ಪುಡಿಯೂ ಬೇಡ.

ನಾನು ಯಾರನ್ನೂ ದೂರ್ತಾ ಇಲ್ಲ. ಬೆಳಗ್ಗೆ ಐದಕ್ಕೆ ಎದ್ದು, ನೀರು ತುಂಬಿ, ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ ಕಳಿಸಿ, ಆಮೇಲೆ ಹೊಲಕ್ಕೆ ಹೋಗೋ ಅಕ್ಕನಿಗೆ ಎರಡು ನಿಮಿಷದ ರಂಗೋಲಿ ಅಗತ್ಯವೇ. ಆದರೆ ತಟ್ಟೆ ಬಂದ ಮನೆಗಳಲ್ಲಿ ಚುಕ್ಕಿ ಲೆಕ್ಕ ಮಗಳಿಗೆ ದಾಟಲಿಲ್ಲ. ಹಾಳೆ ಕೊಟ್ಟು "ಒಂದು ರಂಗೋಲಿ ಹಾಕವ್ವ" ಅಂದರೆ ಹುಡುಗಿ ಮೊಬೈಲ್ ತೆಗೀತಾಳೆ.

ಇಲ್ಲೊಂದು ವ್ಯತ್ಯಾಸ ಇದೆ. ತಟ್ಟೆಯನ್ನು ಕೊಂಡಾಗ ಕೈ ಮರೀತದೆ. ಅದೇ ತಟ್ಟೆಯನ್ನು ಕೊರೆಯಬೇಕು ಅಂದರೆ ಮೊದಲು ಚಿತ್ರ ಬರೀಬೇಕು, ಎಲ್ಲಿ ಕತ್ತರಿಸಬೇಕು, ಎಲ್ಲಿ ಬಿಡಬೇಕು ಅಂತ ಯೋಚಿಸಬೇಕು. ಕೊರೆಯೋ ಕೈ ಮರೆಯೋಕೆ ಆಗೋದಿಲ್ಲ. ಸ್ಟೆನ್ಸಿಲ್ ಕಲೆಯಾ, ಬರೀ ನಕಲಾ ಅಂತ ಕೇಳ್ತಾರಲ್ಲ, ಅವರಿಗೆ ನನ್ನ ಉತ್ತರ ಇಷ್ಟೇ: ಅಚ್ಚು ಯಾರು ಕೊರೆದರು ಅನ್ನೋದನ್ನು ನೋಡಿ ಹೇಳ್ರಿ.

ಭಾಗ 3/10 | ಇದು ನಮಗೆ ಹೊಸದೇನಲ್ಲ

ಸ್ಟೆನ್ಸಿಲ್ ಅನ್ನೋ ಹೆಸರು ಹೊಸದಿರಬಹುದು, ಕೆಲಸ ನಮ್ಮ ಊರುಗಳಿಗೆ ಹಳೇದು.

ದಲಾಲಿ ಅಂಗಡಿಗೆ ಹೋದವರಿಗೆ ಗೊತ್ತು. ಗೋಣಿಚೀಲದ ಮೇಲೆ ಅಂಗಡಿ ಹೆಸರು, ಊರಿನ ಹೆಸರು, ನಂಬರು. ಅದನ್ನು ಯಾರೂ ಒಂದೊಂದು ಚೀಲಕ್ಕೂ ಕೂತು ಬರೆದಿಲ್ಲ. ತಗಡಿನಲ್ಲಿ ಅಕ್ಷರ ಕೊರೆಸಿ, ಚೀಲದ ಮೇಲೆ ಇಟ್ಟು, ಮಸಿ ಹಚ್ಚಿದ ಬ್ರಷ್ಷಿನಿಂದ ಉಜ್ಜಿದ್ದು. ಸೆಣಬಿನ ಚೀಲವೂ ಬಟ್ಟೆಯೇ ತಾನೆ? ಟ್ರಾಕ್ಟರಿನ ಹಿಂದಿನ ನಂಬರು, ಚುನಾವಣೆ ಹೊತ್ತಿಗೆ ಗೋಡೆ ಮೇಲೆ ಬೀಳೋ ಚಿಹ್ನೆಗಳು, ಕರೆಂಟು ಕಂಬದ ನಂಬರು, ಇವೆಲ್ಲ ಅದೇ ವಿದ್ಯೆ.

ಬ್ಲೌಸಿಗೆ ಕಸೂತಿ ಡಿಸೈನ್ ಇಳಿಸೋ ಟೇಲರಕ್ಕನ ಕೈ ನೋಡಿದೀರಾ? ಟ್ರೇಸಿಂಗ್ ಹಾಳೆ ಮೇಲೆ ಚಿತ್ರ ಬರೆದು, ಗೆರೆ ಉದ್ದಕ್ಕೂ ಸೂಜಿಯಿಂದ ಚುಚ್ಚಿ, ಬಟ್ಟೆ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿಯನ್ನು ಅರಿವೆಯಿಂದ ಸವರ್ತಾಳೆ. ಹಾಳೆ ಎತ್ತಿದರೆ ಚುಕ್ಕಿ ಚುಕ್ಕಿಯಾಗಿ ಹೂವು ಬಟ್ಟೆಗೆ ಇಳಿದಿರ್ತದೆ. ತೂತಿನ ಮೂಲಕ ಬಣ್ಣ ದಾಟಿಸೋದು ತಾನೆ ಸ್ಟೆನ್ಸಿಲ್!

ನಮ್ಮ ತಾಲ್ಲೂಕಿನ ಕಥೆಯನ್ನೇ ಪಾಠ ಮಾಡಿಕೊಳ್ರಿ. ಹರಪನಹಳ್ಳಿ ಮೊದಲು ಬಳ್ಳಾರಿ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಅಲ್ಲಿಗೆ ಹೋಯಿತು. 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು. ಅಂಗಡಿ ಹೆಸರು, ಊರು, ತಾಲ್ಲೂಕು, ಜಿಲ್ಲೆ ನಾಲ್ಕನ್ನೂ ಒಂದೇ ತಗಡಿನಲ್ಲಿ ಕೊರೆಸಿದವನು ಇಡೀ ತಗಡನ್ನು ಮೂರು ಸಲ ಬದಲಿಸಬೇಕು. ಜಿಲ್ಲೆ ಹೆಸರನ್ನು ಬೇರೆ ಪಟ್ಟಿಯಲ್ಲಿ ಇಟ್ಟುಕೊಂಡವನು ಆ ಪಟ್ಟಿ ಒಂದನ್ನೇ ಬದಲಿಸಿದರೆ ಸಾಕು.

ನಗಬೇಡ್ರಿ, ಮನೆಯಲ್ಲಿ ಅಚ್ಚು ಕೊರೆಯೋರಿಗೆ ಇದೇ ಮೊದಲ ಬುದ್ಧಿ. ಹೂವು ಒಂದು ಹಾಳೆ, ಎಲೆ ಇನ್ನೊಂದು ಹಾಳೆ, ಹೆಸರು ಮತ್ತೊಂದು ಹಾಳೆ. ಮುಂದಿನ ಬಟ್ಟೆಗೆ ಯಾವುದು ಬೇಕೋ ಅದನ್ನಷ್ಟೇ ಜೋಡಿಸಿಕೊಳ್ಳಬಹುದು.

ಭಾಗ 4/10 | ಕೊಂಡಿ ಮತ್ತು ನಡುಗಡ್ಡೆ

ಸ್ಟೆನ್ಸಿಲ್‌ನ ಇಡೀ ವಿದ್ಯೆ ಈ ಎರಡು ಮಾತಿನಲ್ಲಿದೆ. ಹಾಳೆ ಮೇಲೆ ಒಂದು ಬಳೆ ಬರೀರಿ. ಬಳೆಯ ಗೆರೆಯನ್ನು ಕತ್ತರಿಸಿ ತೆಗೀರಿ. ಏನಾಯ್ತು? ನಡುವಿನ ಬಿಲ್ಲೆ ಉದುರಿ ನೆಲಕ್ಕೆ ಬಿತ್ತು. ಬಣ್ಣ ತಟ್ಟಿದರೆ ಬಳೆ ಮೂಡೋದಿಲ್ಲ, ಇಡೀ ಬಿಲ್ಲೆ ಮೂಡ್ತದೆ. ಆ ಉದುರೋ ತುಂಡನ್ನು ನಾನು ನಡುಗಡ್ಡೆ ಅಂತೀನಿ. ಅದನ್ನು ದಡಕ್ಕೆ ಕಟ್ಟಿ ಹಿಡಿಯೋ ಸಣ್ಣ ಪಟ್ಟಿಗೆ ಕೊಂಡಿ ಅಂತೀನಿ. ಎಲ್ಲಿ ಕೊಂಡಿ ಇಟ್ಟರೆ ಚಿತ್ರ ಕೆಡೋದಿಲ್ಲ, ಹಾಳೆಯೂ ಹರಿಯೋದಿಲ್ಲ ಅನ್ನೋದನ್ನು ಗುರುತಿಸೋದೇ ಈ ಕಲೆ.

ಐಹೊಳೆ, ಪಟ್ಟದಕಲ್ಲಿನ ಗುಡಿಗಳಲ್ಲಿ ಕಲ್ಲಿನ ಜಾಲಂಧ್ರ ಇದಾವಲ್ಲ, ಬೆಳಕು ಬರೋ ಕಿಟಕಿ, ಅವನ್ನು ಒಮ್ಮೆ ಈ ಕಣ್ಣಿನಿಂದ ನೋಡ್ರಿ. ಯಾವ ತುಂಡೂ ಗಾಳಿಯಲ್ಲಿ ನಿಂತಿಲ್ಲ, ಒಂದಕ್ಕೊಂದು ಕೈ ಹಿಡಿದಿದಾವೆ.

ಜಪಾನಿನಲ್ಲಿ ಕಿಮೋನೋ ಬಟ್ಟೆಗೆ ನಕ್ಷೆ ಹಾಕೋಕೆ ಕಟಗಾಮಿ ಅನ್ನೋ ಕಾಗದದ ಅಚ್ಚು ಬಳಸ್ತಾರೆ. ಹಿಪ್ಪುನೇರಳೆ ಜಾತಿಯ ಗಿಡದ ನಾರಿನ ಕಾಗದ, ಅದನ್ನು ಪರ್ಸಿಮನ್ ಅನ್ನೋ ಹಣ್ಣಿನ ಒಗರು ರಸದಿಂದ ಪದರ ಪದರ ಅಂಟಿಸಿ ಗಟ್ಟಿ ಮಾಡಿರ್ತಾರೆ. ಅಚ್ಚು ತೀರಾ ನಾಜೂಕಾದಾಗ ಕೊಂಡಿ ಕಾಣಬಾರದು ಅಂತ ಎರಡು ಪದರದ ನಡುವೆ ರೇಷ್ಮೆ ಎಳೆ ಹಾಯಿಸಿ ತುಂಡುಗಳನ್ನು ಹಿಡಿಸ್ತಿದ್ರು. ಎಳೆ ಎಷ್ಟು ಸಣ್ಣದೆಂದರೆ ಬಟ್ಟೆ ಮೇಲೆ ಅದರ ಗುರುತೇ ಬೀಳೋದಿಲ್ಲ. ಸ್ಕ್ರೀನ್ ಪ್ರಿಂಟಿಂಗ್ ಅಂತೀವಲ್ಲ, ಅದೂ ಸ್ಟೆನ್ಸಿಲ್ಲೇ. ಅಲ್ಲಿ ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆಯೇ ನಡುಗಡ್ಡೆಗಳನ್ನೆಲ್ಲ ಹಿಡಿದುಕೊಳ್ತದೆ.

ನಮ್ಮ ರಾಷ್ಟ್ರಧ್ವಜದ ಮಾತು ಬಂದರೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಖಾದಿ ಧ್ವಜ ತಯಾರಾಗ್ತದೆ. 24 ಗೆರೆಯ ಅಶೋಕ ಚಕ್ರ ಬಟ್ಟೆಯ ಎರಡೂ ಬದಿ ಒಂದೇ ಕಡೆ ಕೂತಿರಬೇಕು. 2002ರ ಧ್ವಜ ಸಂಹಿತೆಯಲ್ಲಿ ಚಕ್ರವನ್ನು ಹೇಗೆ ಮೂಡಿಸಬಹುದು ಅನ್ನೋ ಮಾತಿದೆ: ಸ್ಕ್ರೀನ್ ಪ್ರಿಂಟ್, ಬೇರೆ ಮುದ್ರಣ, ಕಸೂತಿ, ಅವುಗಳ ಜೊತೆಗೇ ಸ್ಟೆನ್ಸಿಲ್. ದೇಶದ ಬಾವುಟಕ್ಕೆ ಒಪ್ಪಿಗೆಯಾದ ವಿದ್ಯೆ ನಮ್ಮ ದಿಂಬಿನ ಕವರಿಗೆ ಕೀಳಾಗ್ತದಾ?

ಭಾಗ 5/10 | ನಮ್ಮ ಅಕ್ಷರ ನಾವೇ ಕೊರೀಬೇಕು

ಅಂಗಡಿಯಲ್ಲಿ ಇಂಗ್ಲಿಷ್ ಅಕ್ಷರದ ಅಚ್ಚು ಬೇಕಾದಷ್ಟು ಗಾತ್ರದಲ್ಲಿ ಸಿಗ್ತಾವೆ. ಕನ್ನಡದ್ದು ಕೇಳಿ ನೋಡ್ರಿ. ಸಿಕ್ಕರೆ ಮಕ್ಕಳು ಶಾಲೆಯಲ್ಲಿ ತಿದ್ದೋ ಅಚ್ಚು. ಕಾಗುಣಿತ, ಒತ್ತಕ್ಷರ ಸೇರಿಸಿ ಒಂದು ಹೆಸರು ಬರೀಬೇಕಂದರೆ ಅದರಿಂದ ಆಗೋ ಕೆಲಸ ಅಲ್ಲ. ಹಾಗಾಗಿ ಮಗಳ ಅಂಗಿ ಮೇಲೆ ಅವಳ ಹೆಸರು ಇಂಗ್ಲಿಷಿನಲ್ಲಿ ಬೀಳ್ತದೆ. ಯಾರೂ ಹಟ ಹಿಡಿದು ಕನ್ನಡ ಬಿಟ್ಟಿದ್ದಲ್ಲ, ಅಚ್ಚು ಇರಲಿಲ್ಲ ಅಷ್ಟೇ. ಸಿದ್ಧ ಅಚ್ಚನ್ನು ನಂಬಿ ಕೂತರೆ ಆಗೋದು ಹೀಗೆ. ಪ್ಯಾಕೆಟ್ಟಿನಲ್ಲಿ ಇಲ್ಲದ್ದು ನಮ್ಮ ಬಟ್ಟೆ ಮೇಲೂ ಇರೋದಿಲ್ಲ.

ಕನ್ನಡ ದುಂಡು ಲಿಪಿ. ಸ್ಟೆನ್ಸಿಲ್‌ಗೆ ಇದು ಕಷ್ಟವೂ ಹೌದು, ಚೆಂದವೂ ಹೌದು. ಕೆಲವು ಉದಾಹರಣೆ:

• ಗ: ಕೆಳಗೆ ಬಾಯಿ ತೆರೆದಿದೆ. ನಡುಗಡ್ಡೆ ಇಲ್ಲ. ಕಲಿಯೋಕೆ ಇದೇ ಮೊದಲ ಅಕ್ಷರ.
• ರ: ದುಂಡು ಹೊಟ್ಟೆ. ಕೊಂಡಿ ಬೇಕೇ ಬೇಕು. ಎಡಕ್ಕೊಂದು ಬಲಕ್ಕೊಂದು ಎರಡು ಇಟ್ಟರೆ ನಡುಗಡ್ಡೆ ಅಲುಗಾಡೋದಿಲ್ಲ. ಒಂದೇ ಇಟ್ಟರೆ ಸ್ಪಂಜಿಗೆ ಸಿಕ್ಕಿ ಎದ್ದು ಬರ್ತದೆ.
• ಅನುಸ್ವಾರದ ಸೊನ್ನೆ: ಸಣ್ಣ ಬಳೆ. ಇಷ್ಟು ಸಣ್ಣದಕ್ಕೆ ಕೊಂಡಿ ಇಟ್ಟು ಒದ್ದಾಡೋ ಬದಲು ತುಂಬಿದ ಚುಕ್ಕಿಯಾಗಿಯೇ ಕೊರೀರಿ. ಓದೋರಿಗೆ ಏನೂ ತೊಂದರೆ ಆಗೋದಿಲ್ಲ.
• ಠ: ಹೊಟ್ಟೆಯೊಳಗೆ ಚುಕ್ಕಿ. ಚುಕ್ಕಿ ಬರೀ ತೂತು, ಅದರ ಚಿಂತೆ ಬೇಡ. ಸುತ್ತಲಿನ ನಡುಗಡ್ಡೆಗೆ ಕೊಂಡಿ ಗಟ್ಟಿ ಇರಲಿ.
• ದ, ಬ, ಪ: ಇವುಗಳ ಬುಡದಲ್ಲಿ ಕೊಂಡಿ ಇಡಬೇಡ್ರಿ. ಧ, ಭ, ಫ ಗಳಿಗೆ ಸೀಳು ಬೀಳೋ ಜಾಗ ಅದು. ಅಲ್ಲಿ ಗೆರೆ ತುಂಡಾದರೆ ಓದೋ ಕಣ್ಣು ತಡವರಿಸ್ತದೆ.

"ಚಿಗಟೇರಿ" ಅಂತ ಬರೆದು ಕೊರೆದು ನೋಡ್ರಿ. ನಾಲ್ಕೇ ಅಕ್ಷರ. ಸುಲಭದ ಗ ಇದೆ, ದುಂಡನೆ ರ ಇದೆ, ಗುಡಿಸು ಎರಡು ಕಡೆ ಇದೆ, ಟೇ ಯಲ್ಲಿ ಏತ್ವದ ಜೊತೆ ದೀರ್ಘವೂ ಇದೆ. ಇದೊಂದು ಹೆಸರು ಕೊರೆಯೋಕೆ ಬಂದರೆ ಮುಕ್ಕಾಲು ಪಾಲು ಕನ್ನಡ ಬಂದಂತೆ. ನಿಮ್ಮ ಊರು ಬೇರೆಯಾದರೆ ನಿಮ್ಮ ಊರಿನ ಹೆಸರು ಹಿಡೀರಿ. ಕೊಟ್ಟೂರಿನವರಿಗೆ ಒತ್ತಕ್ಷರದ ಕಾಟ ಇದೆ, ಹಗರಿಬೊಮ್ಮನಹಳ್ಳಿಯವರಿಗೆ ಹಾಳೆ ಉದ್ದ ಸಾಲೋದಿಲ್ಲ, ಏನು ಮಾಡೋದು 😄

ಭಾಗ 6/10 | ಸಾಮಾನು ಮನೆಯಲ್ಲೇ ಐತಿ

ಕಿಟ್ ಕೊಳ್ಳೋದು ಬೇಡ. ಇಷ್ಟು ಸಾಕು.

ಹಾಳೆ: ಹಳೇ ಲಗ್ನಪತ್ರಿಕೆ. ಹೌದು, ಆ ದಪ್ಪ ಕಾರ್ಡೇ. ಎರಡೂ ಬದಿ ಅಗಲದ ಸೆಲ್ಲೋಟೇಪ್ ಅಂಟಿಸಿದರೆ ನೀರು ಹೀರೋದಿಲ್ಲ, ಹತ್ತಾರು ಸಲ ಬಳಸಬಹುದು. ಇನ್ನೂ ಬಾಳಿಕೆ ಬೇಕಂದರೆ ಫೈಲಿನ ಪಾರದರ್ಶಕ ಪ್ಲಾಸ್ಟಿಕ್ ಕವರು. ಹಳೇ ಎಕ್ಸ್‌ರೇ ಹಾಳೆಯೂ ಆಗ್ತದೆ, ಆದರೆ ಹೆಸರು, ವಯಸ್ಸು ಇರೋ ಮೂಲೆಯನ್ನು ಮೊದಲು ಕತ್ತರಿಸಿ ಹಾಕ್ರಿ, ಬೇರೆಯವರ ಕಾಯಿಲೆ ಊರಿಗೆಲ್ಲ ಗೊತ್ತಾಗೋದು ಬೇಡ.

ಬ್ಲೇಡು: ಹತ್ತಿಪ್ಪತ್ತು ರೂಪಾಯಿಯ ಕಟರ್. ಮೊನೆ ಮೊಂಡಾದ ತಕ್ಷಣ ಒಂದು ಚೂರು ಮುರಿದು ಹೊಸ ಮೊನೆ ತಗೊಳ್ರಿ. ಮೊಂಡ ಬ್ಲೇಡಿಗೆ ಬಲ ಹಾಕಬೇಕಾಗ್ತದೆ, ಬಲ ಹಾಕಿದಾಗಲೇ ಕೈ ಕುಯ್ಯೋದು. ಸಣ್ಣ ಮಕ್ಕಳ ಕೈಗೆ ಬ್ಲೇಡ್ ಕೊಡಬೇಡ್ರಿ. ಅವರು ಬರೀಲಿ, ನೀವು ಕೊರೀರಿ, ಬಣ್ಣ ಮತ್ತೆ ಅವರೇ ತಟ್ಟಲಿ.

ಅಡಿಗೆ: ಒಡೆದ ಟೈಲ್ಸಿನ ಹಿಂಬದಿ, ಇಲ್ಲಾ ದಪ್ಪ ರಟ್ಟು.

ಕೊರೆಯೋ ಕ್ರಮ:
1. ಚಿತ್ರ ಪೆನ್ಸಿಲ್‌ನಲ್ಲಿ ಬರೀರಿ. ಬಣ್ಣ ಬರೋ ಜಾಗಕ್ಕೆಲ್ಲ ಗೀಚಿ ಗುರುತು ಹಾಕ್ರಿ. ಗೀಚಿದ್ದು ಹೋಗ್ತದೆ, ಬಿಳಿ ಉಳೀತದೆ.
2. ಬಿಳಿ ಎಲ್ಲೆಲ್ಲಿ ಒಂಟಿಯಾಗಿದೆ ನೋಡಿ ಕೊಂಡಿ ಬರೀರಿ. ಅಂಗೈ ಅಗಲದ ಚಿತ್ರಕ್ಕೆ ಎರಡು, ಮೂರು ಮಿಲಿಮೀಟರ್ ಅಗಲದ ಕೊಂಡಿ ಸಾಕು.
3. ಒಳಗಿನ ಸಣ್ಣ ತೂತು ಮೊದಲು, ಹೊರಗಿನ ದೊಡ್ಡದು ಆಮೇಲೆ. ದೊಡ್ಡದನ್ನು ಮೊದಲೇ ತೆಗೆದರೆ ಹಾಳೆ ಸಡಿಲಾಗಿ ಸಣ್ಣದು ಹರೀತದೆ.
4. ದುಂಡು ಬಂದಾಗ ಬ್ಲೇಡ್ ತಿರುಗಿಸಬೇಡ್ರಿ, ಹಾಳೆ ತಿರುಗಿಸ್ರಿ. ರೊಟ್ಟಿ ಬಡಿಯೋವಾಗ ರೊಟ್ಟಿ ತಾನೆ ತಿರುಗೋದು, ಹಂಗೆ.
5. ಕೊಂಡಿ ಹರಿದರೆ ಅಳಬೇಡ್ರಿ. ಎರಡೂ ಬದಿಯಿಂದ ಟೇಪ್ ಹಚ್ಚಿ, ಹೆಚ್ಚಾದದ್ದನ್ನು ಮತ್ತೆ ಕೊರೀರಿ.

ಭಾಗ 7/10 | ಬಳೀಬೇಡ್ರಿ, ತಟ್ರಿ

📌 ಈ ಭಾಗ ಸೇವ್ ಮಾಡ್ಕೊಳ್ರಿ.

ಬಟ್ಟೆ: ಹತ್ತಿ ಬಟ್ಟೆ ಇರಲಿ. ಹೊಸ ಬಟ್ಟೆಯಾದರೆ ಮೊದಲು ತೊಳೆದು ಗಂಜಿ ತೆಗೀರಿ, ಒಣಗಿಸಿ ಇಸ್ತ್ರಿ ಮಾಡ್ರಿ. ಗಂಜಿ ಇರೋ ಬಟ್ಟೆ ಮೇಲೆ ಬಣ್ಣ ಗಂಜಿಗೆ ಹತ್ತಿಕೊಳ್ತದೆ, ಎಳೆಗೆ ಹತ್ತೋದಿಲ್ಲ. ಮೊದಲ ಒಗೆತಕ್ಕೆ ಗಂಜಿ ಜೊತೆ ಅದೂ ಹೋಗ್ತದೆ.

ಜೋಡಣೆ: ಅಂಗಿ, ದಿಂಬಿನ ಕವರಿನೊಳಗೆ ರಟ್ಟು ಇಡ್ರಿ, ಇಲ್ಲದಿದ್ದರೆ ಬಣ್ಣ ಹಿಂಬದಿಗೂ ಇಳೀತದೆ. ಅಚ್ಚನ್ನು ನಾಲ್ಕೂ ಮೂಲೆಗೆ ಟೇಪ್ ಹಾಕಿ ಅಲ್ಲಾಡದಂತೆ ಮಾಡ್ರಿ.

ಬಣ್ಣ: ಬಟ್ಟೆಗೆ ಅಂತಲೇ ಬರೋ ಅಕ್ರಿಲಿಕ್ ಬಣ್ಣ. ನೀರು ಹಾಕಬೇಡ್ರಿ. ನೀರು ಹಾಕಿದ ಬಣ್ಣ ಅಚ್ಚಿನ ಕೆಳಗೆ ನುಸುಳಿ ಅಂಚು ಹಬ್ಬಿಸ್ತದೆ. ಸ್ಪಂಜಿಗೆ ಬಣ್ಣ ತಗೊಂಡು, ಮೊದಲು ಹಳೇ ಪೇಪರಿನ ಮೇಲೆ ನಾಲ್ಕೈದು ಸಲ ತಟ್ಟಿ ಹೆಚ್ಚಿನದನ್ನು ತೆಗೀರಿ. ಸ್ಪಂಜು ಬಹುತೇಕ ಒಣಗಿದೆ ಅನ್ನಿಸಬೇಕು. ಆಮೇಲೆ ಬಟ್ಟೆ ಮೇಲೆ ನೇರ ಮೇಲಿಂದ ಕೆಳಗೆ ತಟ್ರಿ. ಎಳೆದು ಬಳಿದರೆ ಬಣ್ಣ ಅಂಚಿನ ಕೆಳಗೆ ಹೋಗ್ತದೆ. ಒಂದು ದಪ್ಪ ಲೇಪಕ್ಕಿಂತ ಎರಡು ತೆಳು ಲೇಪ ಮೇಲು, ಒಗೆದ ಮೇಲೂ ಬಿರುಕು ಬಿಡೋದಿಲ್ಲ.

ನಮ್ಮ ಕಡೆ ಬೇಸಿಗೆಯಲ್ಲಿ ಬಣ್ಣ ಸ್ಪಂಜಿನಲ್ಲೇ ಒಣಗಿ ಗಟ್ಟಿಯಾಗ್ತದೆ. ಏಪ್ರಿಲ್, ಮೇ ಆದರೆ ಬೆಳಗ್ಗೆ ಬೇಗ ಕೂರ್ರಿ, ಫ್ಯಾನ್ ಆರಿಸ್ರಿ.

ಎತ್ತೋದು: ಟೇಪ್ ಬಿಡಿಸಿ ಅಚ್ಚನ್ನು ನೇರ ಮೇಲಕ್ಕೆ ಎತ್ರಿ, ಜಾರಿಸಬೇಡ್ರಿ. ಅಚ್ಚಿನ ಹಿಂಬದಿ ಒರೆಸಿದ ಮೇಲೇ ಮುಂದಿನ ಜಾಗಕ್ಕೆ ಇಡ್ರಿ.

ಗಟ್ಟಿ ಮಾಡೋದು: ಒಂದು ದಿನ ನೆರಳಲ್ಲಿ ಒಣಗಲಿ. ಆಮೇಲೆ ಬಟ್ಟೆ ತಿರುವಿ ಹಾಕಿ ಹಿಂಬದಿಯಿಂದ ಬಿಸಿ ಇಸ್ತ್ರಿ, ನೀರು ಚಿಮುಕಿಸದೆ. ಮೂರು ದಿನ ನೀರು ತೋರಿಸಬೇಡ್ರಿ. ಒಗೆಯೋವಾಗ ಬಣ್ಣದ ಮೇಲೆ ಬ್ರಷ್ ಬೇಡ, ಕಲ್ಲಿಗೆ ಬಡಿಯೋದಂತೂ ಬೇಡವೇ ಬೇಡ.

ಭಾಗ 8/10 | ಏನು ಕೊರೀಬೇಕು, ಏನು ಕೊರೀಬಾರದು

ಕೊರೀರಿ: ಜೋಳದ ತೆನೆ. ಒಡೆದ ಹತ್ತಿ ಕಾಯಿ. ಶೇಂಗಾ ಬಳ್ಳಿ. ಬನ್ನಿ ಎಲೆ. ನಿಮ್ಮಜ್ಜಿ ಹಾಕ್ತಿದ್ದ ರಂಗೋಲಿಯ ಒಂದು ಮೂಲೆ. ನಮ್ಮೂರು ನಾರದಮುನಿಯ ಊರು, ಹಾಗಾಗಿ ಒಂದು ವೀಣೆ. ದರೋಜಿಯ ಕರಡಿ. 50 ರೂಪಾಯಿ ನೋಟಿನ ಹಿಂದೆ ಇರೋ ಹಂಪಿಯ ಕಲ್ಲಿನ ರಥ, ಗಾಲಿಗಳಲ್ಲಿ ಕೊಂಡಿ ಎಲ್ಲಿ ಇಡ್ತೀರಿ ಅಂತ ನೋಡೋಕೆ ಒಳ್ಳೇ ಪರೀಕ್ಷೆ. ಬಾಗಳಿಯ ಕಲ್ಲೇಶ್ವರ ಗುಡಿ ನಮ್ಮ ತಾಲ್ಲೂಕಿನಲ್ಲೇ ಇದೆ, ಒಂದು ಭಾನುವಾರ ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟು ಕಂಬಗಳ ಮುಂದೆ ಕೂರಿಸ್ರಿ.

ಇನ್ನು ಕೊರೀಬಾರದ್ದು. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡ್ತೀನಿ.

ಒಂದು, ಲಂಬಾಣಿ ಕಸೂತಿ. ನಮ್ಮ ತಾಲ್ಲೂಕಿನ ತುಂಬ ತಾಂಡಾಗಳಿದಾವೆ. ಆ ಕನ್ನಡಿ, ಆ ಬಣ್ಣ, ಆ ಹೊಲಿಗೆ ಕಣ್ಣಿಗೆ ಕಟ್ಟೋದು ಸಹಜ. ಆದರೆ ಅದನ್ನು ಸ್ಪಂಜಿನಲ್ಲಿ ತಟ್ಟಿ "ಲಂಬಾಣಿ ಪ್ರಿಂಟ್" ಅಂತ ಮಾರಬೇಡ್ರಿ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಹೊಲಿದ 1755 ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಆಯಿತು. ಒಂದೊಂದು ಹೊಲಿಗೆಗೂ ಕಣ್ಣು, ಬೆನ್ನು ಸವೆಸಿದವರ ಕೂಲಿಯನ್ನು ಅರ್ಧ ಗಂಟೆಯ ಬಣ್ಣದಿಂದ ಕಡಿಮೆ ಮಾಡೋದು ನ್ಯಾಯವಲ್ಲ.

ಎರಡು, ಧಾರವಾಡ ಕಡೆಯ ಕಸೂತಿ. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ, ಈ ಹೊಲಿಗೆಗಳೆಲ್ಲ ಬಟ್ಟೆಯ ಎಳೆ ಎಣಿಸಿ ಹಾಕೋವು, ಅಚ್ಚು ಇಡದೆ. ಅದರ ಮರ್ಯಾದೆ ಇರೋದೇ ಆ ಎಣಿಕೆಯಲ್ಲಿ. ಅಚ್ಚು ಹಾಕಿ ಅದನ್ನು ಕಸೂತಿ ಅಂದರೆ ಸುಳ್ಳು.

ಮೂರು, ರಾಷ್ಟ್ರಧ್ವಜ. ಆಗಸ್ಟ್ 15 ಬಂತು ಅಂದರೆ ಉತ್ಸಾಹ ಉಕ್ಕತೈತಿ. ದಿಂಬು, ಕರವಸ್ತ್ರ, ಊಟದ ಕರವಸ್ತ್ರಗಳ ಮೇಲೆ ಧ್ವಜ ಮುದ್ರಿಸಬಾರದು ಅಂತ ಧ್ವಜ ಸಂಹಿತೆಯೇ ಹೇಳ್ತದೆ.

ನಾಲ್ಕು, ಟೀವಿ ಕಾರ್ಟೂನಿನ ಗೊಂಬೆಗಳು. ಮಗನ ಅಂಗಿಗೆ ಹಾಕಿಕೊಂಡರೆ ಯಾರೂ ಕೇಳಲಿಕ್ಕಿಲ್ಲ, ಮಾರೋಕೆ ಇಟ್ಟರೆ ಹಕ್ಕುಸ್ವಾಮ್ಯದ ಪ್ರಶ್ನೆ ಬರ್ತದೆ. ಬೇರೆಯವರ ಪೇಜಿನಿಂದ ಎತ್ತಿದ ಡಿಸೈನಿಗೂ ಇದೇ ಮಾತು.

ಭಾಗ 9/10 | "ಅಷ್ಟೆಲ್ಲ ಟೈಮ್ ಎಲ್ಲಿ ಐತ್ರೀ ಅಕ್ಕಾ?"

ಮೆಸೇಜಿನಲ್ಲಿ ಹೆಚ್ಚಾಗಿ ಬರೋ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ.

ಮೊದಲ ಅಚ್ಚು ಕೊರೆಯೋಕೆ ಒಂದು ಸಂಜೆ ಬೇಕು, ಒಪ್ತೀನಿ. ಆದರೆ ಅದು ಒಂದು ಸಲದ ಕೆಲಸ. ಅದೇ ಜೋಳದ ತೆನೆ ಚೀಲಕ್ಕೂ ಆಯ್ತು, ದಿಂಬಿಗೂ ಆಯ್ತು, ಬಾಗಿಲ ಪರದೆಗೂ ಆಯ್ತು. ಐದನೇ ಅಚ್ಚಿನ ಹೊತ್ತಿಗೆ ಕೈ ತಾನಾಗಿಯೇ ಓಡ್ತದೆ.

ಎರಡನೇ ಮಾತು: "ದಾವಣಗೆರೆಗೆ ಹೋದರೆ ಮಷಿನ್ ಪ್ರಿಂಟ್ ಇದಕ್ಕಿಂತ ನೀಟಾಗಿ ಬರ್ತದೆ." ಹೌದು, ಬರ್ತದೆ. ಶಾಲೆ ಕ್ರೀಡಾಕೂಟಕ್ಕೆ ನೂರು ಟೀ ಶರ್ಟ್ ಬೇಕಾದರೆ ಅಲ್ಲಿಗೇ ಹೋಗ್ರಿ. ಮನೆಯಲ್ಲಿ ಕೂತು ನೂರು ತಟ್ಟೋದು ದಂಡ. ನನ್ನ ಮಾತು ನಡೆಯದ ಜಾಗ ಇದು. ಆದರೆ ತೊಟ್ಟಿಲ ಹಾಸಿಗೆಗೆ ಕೂಸಿನ ಹೆಸರು ಒಂದೇ ಒಂದು ಬೇಕು, ಸೀಮಂತಕ್ಕೆ ಬಂದ ಹನ್ನೆರಡು ಮಂದಿಗೆ ಹನ್ನೆರಡು ಚೀಲ ಬೇಕು ಅಂದಾಗ ಅಚ್ಚು, ಸ್ಪಂಜೇ ಸರಿ.

ಮೂರನೇದು ದುಡ್ಡಿನ ಮಾತು. ಇದನ್ನು ಮಾರೋಕೆ ಶುರು ಮಾಡಿದವರು ಬಟ್ಟೆ, ಬಣ್ಣದ ಖರ್ಚಿಗೆ ಇಪ್ಪತ್ತು, ಮೂವತ್ತು ಸೇರಿಸಿ ಕೊಟ್ಟು ಬಿಡ್ತಾರೆ. "ಮನೇಲಿ ಸುಮ್ಮನೆ ಕೂತಿದ್ದೆ, ಮಾಡಿದೆ" ಅಂತಾರೆ. ಹಂಗೆ ಅನ್ನಬೇಡ್ರಿ. ಲೆಕ್ಕ ಹೀಗೆ ಹಾಕ್ರಿ: ನಿಮ್ಮ ಊರಲ್ಲಿ ಹೊಲದ ಒಂದು ದಿನದ ಕೂಲಿ ಎಷ್ಟು? ಅದನ್ನು ಎಂಟರಿಂದ ಭಾಗಿಸ್ರಿ, ಒಂದು ತಾಸಿನ ಕೂಲಿ ಬಂತು. ತಟ್ಟೋದು, ಇಸ್ತ್ರಿ, ಮಡಚೋದು ಸೇರಿ ಒಂದು ಚೀಲಕ್ಕೆ ಎಷ್ಟು ತಾಸು? ಅಷ್ಟು ಕೂಲಿ ಹಾಕ್ರಿ. ಅಚ್ಚು ಕೊರೆದ ತಾಸುಗಳನ್ನು ಹತ್ತು ಚೀಲಕ್ಕೆ ಹಂಚ್ರಿ. ಬಟ್ಟೆ, ಬಣ್ಣ, ಕರೆಂಟು ಕೂಡಿಸ್ರಿ. ಆ ಮೊತ್ತಕ್ಕಿಂತ ಕಡಿಮೆಗೆ ಕೊಟ್ಟರೆ ನೀವು ಹೊಲದ ಕೂಲಿಗಿಂತ ಕಡಿಮೆಗೆ ದುಡಿದಂತೆ.

ಈ ಲೆಕ್ಕ ಸಿದ್ಧ ಅಚ್ಚಿನಲ್ಲಿ ನಡೆಯೋದಿಲ್ಲ. ಯಾಕಂದರೆ ಅದೇ ಚಿಟ್ಟೆ ಪಕ್ಕದ ಬೀದಿಯಲ್ಲೂ ಇದೆ, ಆನ್‌ಲೈನಲ್ಲಿ ಇನ್ನೂ ಅಗ್ಗಕ್ಕೂ ಇದೆ. ಕೊನೆಗೆ ಇಳಿಯೋದು ನಿಮ್ಮ ಕೂಲಿಯೇ. ನಿಮ್ಮದೇ ತೆನೆ, ನಿಮ್ಮದೇ ಅಕ್ಷರ ಇದ್ದಾಗ ಮಾತ್ರ ಗಿರಾಕಿ ನಿಮ್ಮ ಮನೆ ಹುಡುಕಿಕೊಂಡು ಬರ್ತಾಳೆ.

ಮಾರೋರಿಗೆ ಇನ್ನೊಂದು ಮಾತು. ಮೊದಲ ಚೀಲವನ್ನು ಮಾರಬೇಡ್ರಿ. ನೀವೇ ಐದು ಸಲ ಒಗೆದು ನೋಡ್ರಿ, ಆಮೇಲೆ ಬೆಲೆ ಹೇಳ್ರಿ. ಮತ್ತೆ ಅದನ್ನು "ಹ್ಯಾಂಡ್ ಪೇಂಟೆಡ್" ಅಂತ ಕರೀಬೇಡ್ರಿ. "ಕೈಯಲ್ಲೇ ಕೊರೆದ ಅಚ್ಚಿನ ಕೆಲಸ" ಅನ್ರಿ. ಅದೇನು ಕಡಿಮೆ ಮಾತಲ್ಲ.

ಭಾಗ 10/10 | ತರಬೇತಿ ಕೊಡೋರಿಗೆ ಒಂದು ಮನವಿ

ಸ್ತ್ರೀಶಕ್ತಿ ಗುಂಪು, ಸಂಜೀವಿನಿ ಒಕ್ಕೂಟ, ಶಾಲೆಯ ಬೇಸಿಗೆ ಶಿಬಿರ, ಎಲ್ಲೆಲ್ಲೂ ಈಗ ಕರಕುಶಲ ತರಬೇತಿ ನಡೀತಾವೆ. ಒಳ್ಳೇದು. ಆದರೆ ಸಾಮಾನ್ಯವಾಗಿ ಆಗೋದು ಹೀಗೆ: ಒಂದು ಕಿಟ್ ಕೈಗೆ ಬರ್ತದೆ, ಅದರೊಳಗೆ ಐದು ಪ್ಲಾಸ್ಟಿಕ್ ಅಚ್ಚು, ನಾಲ್ಕು ಬಣ್ಣ. ಎರಡು ದಿನದಲ್ಲಿ ಎಲ್ಲರೂ ಅದೇ ಐದು ಚಿತ್ರ ತಟ್ಟಿ, ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡು ಮನೆಗೆ. ಬಣ್ಣ ಮುಗಿದ ದಿನ ತರಬೇತಿಯೂ ಮುಗೀತು. ಮೂವತ್ತು ಮಂದಿ ಒಂದೇ ಚಿತ್ರದ ಮೂವತ್ತು ದಿಂಬು ಹಿಡಿದು ಒಂದೇ ಸಂತೆಗೆ ಹೋದರೆ ಯಾರು ಕೊಳ್ತಾರೆ?

ಹಾಗಾಗಿ ಕೇಳೋದಿಷ್ಟು. ಎರಡು ದಿನ ಇದ್ದರೆ ಒಂದೂವರೆ ದಿನ ಬರೆಯೋಕೆ, ಕೊರೆಯೋಕೆ ಇಡ್ರಿ. ಅರ್ಧ ದಿನ ಬಣ್ಣಕ್ಕೆ ಸಾಕು. ಪ್ರತಿಯೊಬ್ಬರೂ ತಮ್ಮ ಹೆಸರಿನ ಮೊದಲ ಅಕ್ಷರ, ತಮ್ಮ ಮನೆಯ ಒಂದು ರಂಗೋಲಿ, ತಮ್ಮ ಹೊಲದ ಒಂದು ಬೆಳೆ, ಈ ಮೂರು ಅಚ್ಚು ಕೊರೆದು ಮನೆಗೆ ಒಯ್ಯಲಿ. ಕಿಟ್ಟಿನ ದುಡ್ಡಿನಲ್ಲಿ ಒಳ್ಳೇ ಕಟರ್, ಒಳ್ಳೇ ಬಟ್ಟೆ ಕೊಡ್ರಿ. ಹಿಂದಿನ ಸಾಲಿನಲ್ಲಿ ಕೂತ ಅಜ್ಜಿಯನ್ನು ಮುಂದಕ್ಕೆ ಕರೆದು ಚುಕ್ಕಿ ಲೆಕ್ಕ ಹೇಳಿಸ್ರಿ. ಆ ದಿನದ ಮಟ್ಟಿಗೆ ಅವರೇ ಟೀಚರು.

ಓದ್ತಿರೋ ನಿಮಗೆ: ಮನೆಯಲ್ಲಿ ಈಗಾಗಲೇ ಪ್ಲಾಸ್ಟಿಕ್ ಅಚ್ಚು ಇದ್ದರೆ ಬಿಸಾಡಬೇಡ್ರಿ. ಅದನ್ನು ಬೆಳಕಿಗೆ ಹಿಡಿದು ಕೊಂಡಿಗಳು ಎಲ್ಲೆಲ್ಲಿ ಇದಾವೆ ಅಂತ ನೋಡ್ರಿ, ಅದೇ ಪಠ್ಯಪುಸ್ತಕ. ಆಮೇಲೆ ಒಂದು ಲಗ್ನಪತ್ರಿಕೆ ಹುಡುಕ್ರಿ. ಈ ವಾರ ನಿಮ್ಮ ಊರಿನ ಹೆಸರು ಕೊರೀರಿ, ಬರೀ ಊರಿನ ಹೆಸರು. ಬಟ್ಟೆ ಮೇಲೆ ತಟ್ಟಿ ಫೋಟೋ ಹಾಕ್ರಿ, ನನ್ನನ್ನು ಟ್ಯಾಗ್ ಮಾಡ್ರಿ. ಯಾವ ಅಕ್ಷರದ ಕೊಂಡಿ ಎಲ್ಲಿಟ್ಟಿರಿ ಅಂತ ಬರೀರಿ, ಅದು ಬೇರೆಯವರಿಗೆ ಉಪಯೋಗಕ್ಕೆ ಬರ್ತದೆ. ಚೆನ್ನಾಗಿ ಬಂದವನ್ನೆಲ್ಲ ಸ್ಟೋರಿಯಲ್ಲಿ ಹಾಕ್ತೀನಿ.

ಉಚ್ಚಂಗಿದುರ್ಗದವರು, ಹಡಗಲಿಯವರು, ಕೂಡ್ಲಿಗಿಯವರು, ಎಲ್ಲಿದೀರಿ? ಬರ್ರಿ 🙏

#ಚಿಗಟೇರಿ #ಹರಪನಹಳ್ಳಿ #ವಿಜಯನಗರಜಿಲ್ಲೆ #ಬಟ್ಟೆಮೇಲೆಅಚ್ಚು #ಕೊಳ್ಳಬೇಡ್ರಿಕೊರೀರಿ #ಕನ್ನಡಅಕ್ಷರ #ಮನೆಯಲ್ಲೇಮಾಡ್ರಿ